ಜೀರ್ಣೋದ್ಧಾರ ಮತ್ತು ಸ್ಥಿರತೆಯ ಪ್ರಶ್ನೆ

ಬಿರುಗಾಳಿ, ಭೂಕಂಪಗಳನ್ನು ತಾಳಿಕೊಳ್ಳಲೆಂದು ಕಟ್ಟಡದ ಅಂಗಗಳನ್ನು ಬದಲಿಸಿದರೆ ಅದು ಹಿಂದಿನದೇ ಆಗಿ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಕರಾವಳಿಯ ದೇವಾಲಯ ಪರಂಪರೆ ಆಚರಣೆಯಲ್ಲಿಯೇ ಉತ್ತರ ಕೊಟ್ಟಿದೆ: ಶಿಥಿಲ ಗುಡಿಯನ್ನು ಬಿಚ್ಚಿ ಕಟ್ಟುವ ಜೀರ್ಣೋದ್ಧಾರದ ಕಾಲದಲ್ಲಿ ದೇವತಾಸಾನ್ನಿಧ್ಯವನ್ನು ಬಾಲಾಲಯವೆಂಬ ತಾತ್ಕಾಲಿಕ ಗುಡಿಗೆ ಸಾಗಿಸಿ, ಬಳಿಕ ಬ್ರಹ್ಮಕಲಶಾಭಿಷೇಕದೊಂದಿಗೆ ಮರಳಿ ನೆಲೆಗೊಳಿಸುತ್ತಾರೆ. ಇದಕ್ಕೊಂದು ನಿದರ್ಶನವಾದ ಕಾಪುವಿನ ಹೊಸ ಮಾರಿಗುಡಿಯ ಬ್ರಹ್ಮಕಲಶೋತ್ಸವ ನಡೆದದ್ದು 2025ರಲ್ಲಿ.

ಜೈನ ದರ್ಶನದ ನಿಲುವು ಇನ್ನೂ ಸೂಕ್ಷ್ಮವಾದುದು. ಉತ್ಪಾದ, ವ್ಯಯ, ಧ್ರೌವ್ಯ, ಎಂದರೆ ಹುಟ್ಟು, ಅಳಿವು, ಸ್ಥಿರತೆ, ಮೂರೂ ಒಂದೇ ವಸ್ತುವಿನಲ್ಲಿ ಏಕಕಾಲಕ್ಕೆ ಇರುತ್ತವೆಂಬ ಈ ಮತದ ದೃಷ್ಟಿಯಲ್ಲಿ, ಇಮ್ಮಡಿ ಭೈರರಸನು 1586ರಲ್ಲಿ ಕಾರ್ಕಳದಲ್ಲಿ ಕಟ್ಟಿಸಿದ ಚತುರ್ಮುಖ ಬಸದಿಯ ಶಿಲಾಸ್ತಂಭಗಳೂ ಪ್ರತಿ ಮಳೆಗಾಲದಲ್ಲಿ ಸವೆಯುತ್ತಲೇ ನಿಂತಿವೆ. ಬಿರುಕುಬಿಟ್ಟ ತೊಲೆಗೆ ಆಸರೆಗಂಬ ಕೊಡುವುದನ್ನು, ಅದರಡಿ ಕೈಮುಗಿದು ನಿಂತವರ ಜೀವರಕ್ಷಣೆಯ ಕಾರಣದಿಂದ, ಅಹಿಂಸಾವ್ರತದ ಅಂಗವೆಂದೇ ಎಣಿಸಬೇಕಾಗುತ್ತದೆ.