ಆನೆಕಂದಕ ಮತ್ತು ಗೃಹಸ್ಥನ ಅಹಿಂಸೆ

ಇಂಗ್ಲೆಂಡಿನ ಎಸೆಕ್ಸ್, ಸಫೋಕ್ ಮೊದಲಾದ ಜೇಡಿಮಣ್ಣಿನ ಸೀಮೆಗಳಲ್ಲಿ, ಹೆಚ್ಚಾಗಿ ಕ್ರಿ.ಶ. 1200ರಿಂದ 1325ರವರೆಗೆ, ಉಳ್ಳವರು ತಮ್ಮ ಮನೆಗಳ ಸುತ್ತ ನೀರು ನಿಲ್ಲುವ ಕಂದಕಗಳನ್ನು ತೋಡಿಸಿದರು. ಇವುಗಳಲ್ಲಿ ಬಹುಪಾಲು ಶತ್ರುಭಯಕ್ಕಿಂತ ಮನೆತನದ ಪ್ರತಿಷ್ಠೆಗಾಗಿ ಆದವೆಂಬುದು ವಿದ್ವಾಂಸರ ಎಣಿಕೆ. ಎಷ್ಟೋ ಕಡೆ ಮನೆ ಬಿದ್ದುಹೋಗಿ ಹಳ್ಳವಷ್ಟೇ ಉಳಿದಿದೆ. ಕೃಷ್ಣಗಿರಿ ಜಿಲ್ಲೆಯ ಜವಳಗಿರಿಯಂಥ ಕಾಡಂಚಿನ ಸೀಮೆಯಲ್ಲಿ ಆನೆಗಳನ್ನು ತಡೆಯಲು ತೋಡುವ ಆನೆಕಂದಕಕ್ಕಾದರೋ ಪ್ರತಿಷ್ಠೆಯ ಗೊಡವೆಯಿಲ್ಲ. ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ ಕಾಡನ್ನು ಹಾದು ಡೆಂಕಣಿಕೋಟೆ, ಹೊಸೂರುಗಳತ್ತ ಬರುವ ಹಿಂಡು ತೆನೆಗಟ್ಟಿದ ರಾಗಿಹೊಲಕ್ಕೆ ಇಳಿದರೆ ಒಂದು ಸಂಸಾರದ ವರ್ಷದ ಅನ್ನ ಒಂದೇ ರಾತ್ರಿಯಲ್ಲಿ ಮಣ್ಣುಪಾಲಾಗುತ್ತದೆ. ಗಣಪತಿಯೆಂದು ಕೈಮುಗಿಯುವ ಪ್ರಾಣಿಯ ದಾರಿಗೆ ಅಡ್ಡಲಾಗಿ ನೆಲ ಅಗೆಯುವುದು ಧರ್ಮವೇ ಎಂಬ ಪ್ರಶ್ನೆಗೆ ಭಕ್ತಿಯೊಂದರಿಂದಲೇ ಉತ್ತರ ದೊರೆಯದು.

ಕನ್ನಡ ನಾಡಿನಲ್ಲಿ ಬಹುಕಾಲ ಬೇರೂರಿದ್ದ ಜೈನ ಆಚಾರವಿಚಾರ ಇಲ್ಲಿ ಹೆಚ್ಚು ನೆರವಾಗುತ್ತದೆ. ಅದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಕೊಲ್ಲಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಯನ್ನು ಗೃಹಸ್ಥನಿಗೆ ಪೂರ್ತಿ ನಿಷೇಧಿಸುತ್ತದೆ. ಅಡುಗೆ, ಮನೆವಾರ್ತೆಗಳಲ್ಲಿ ಆಗುವ ಆರಂಭಿ, ಬೇಸಾಯವೇ ಮೊದಲಾದ ಜೀವನೋಪಾಯದಲ್ಲಿ ಆಗುವ ಉದ್ಯೋಗಿ, ಆತ್ಮರಕ್ಷಣೆಯಲ್ಲಿ ಆಗುವ ವಿರೋಧಿ ಹಿಂಸೆಗಳನ್ನು ಆದಷ್ಟು ತಗ್ಗಿಸಬೇಕೆನ್ನುತ್ತದೆ. ಕಂದಕ ತೋಡುವುದು ಈ ಕೊನೆಯ ಎರಡರಲ್ಲಿ ಸಲ್ಲುತ್ತದೆಂದು ರೈತನ ಪರವಾಗಿ ವಾದಿಸಬಹುದು, ಆ ವಾದ ದುರ್ಬಲವೂ ಅಲ್ಲ. ಆದರೆ ಜೈನರ ಶಾಸ್ತ್ರಗ್ರಂಥವಾದ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿ ಇರಿಸುತ್ತದೆ. ಆನೆಕಂದಕದ ನಿಜವಾದ ತೊಡಕು ಇರುವುದು ಇಲ್ಲಿಯೇ.

ದೊಣ್ಣೆ ಹಿಡಿದವನು ಕೈ ತಡೆದರೆ ಹೊಡೆತ ನಿಲ್ಲುತ್ತದೆ. ಕಂದಕವಾದರೋ ತೋಡಿದವನು ಮನೆಗೆ ಹೋಗಿ ಮಲಗಿದ ಮೇಲೂ ಕೆಲಸ ಮಾಡುತ್ತಲೇ ಇರುತ್ತದೆ. ಮಳೆಗೆ ದಂಡೆ ಜರಿದು ಹೂಳು ತುಂಬುತ್ತದೆ, ಆನೆ ಮುಂಗಾಲಿನಿಂದ ಅಂಚಿನ ಮಣ್ಣನ್ನು ಕೆಡವಿ ಇಳಿಜಾರು ಮಾಡಿಕೊಂಡು ದಾಟುತ್ತದೆ, ಕೆಲವೊಮ್ಮೆ ಹಿಂಡಿನ ಮರಿ ಜಾರಿ ಬಿದ್ದು ಮೇಲೇರಲಾರದೆ ಉಳಿಯುತ್ತದೆ. ಬಂಡೆಯೋ ತೊರೆಯೋ ಅಡ್ಡ ಬಂದು ಅಗೆತ ನಿಂತಲ್ಲಿ ಹಿಂಡಿಗೆ ದಾರಿ ತೆರೆದೇ ಇರುವುದರಿಂದ, ಒಂದು ಊರಿನ ರಾಗಿ ಉಳಿದದ್ದಕ್ಕೆ ಪಕ್ಕದ ಊರು ಬೆಲೆ ತೆರುತ್ತದೆ. ಇದನ್ನು ಆತ್ಮರಕ್ಷಣೆಯ ಹಿಂಸೆಯೆಂದು ಕರೆಯುವುದು ಕಷ್ಟ, ಏಕೆಂದರೆ ನೆರೆಯವನು ಯಾರಿಗೂ ವಿರೋಧಿಯಲ್ಲ. ಅಣುವ್ರತವನ್ನು, ಎಂದರೆ ಜೈನ ಗೃಹಸ್ಥನ ಕಿರುವ್ರತವನ್ನು, ತೊಡುವವನು ಒಬ್ಬ ವ್ಯಕ್ತಿ. ಕಂದಕವನ್ನು ಅರಣ್ಯ ಇಲಾಖೆ ತೋಡಿಸಿ, ಅದರ ಫಲವನ್ನು ಊರು ಉಣ್ಣುವಾಗ, ಜರಿದ ದಂಡೆಯ ಪ್ರಮಾದ ಯಾರದೆಂಬುದನ್ನು ಆ ಹಳೆಯ ವಿಂಗಡಣೆ ನೇರವಾಗಿ ತೀರ್ಮಾನಿಸುವುದಿಲ್ಲ. ಫಲ ಉಣ್ಣುವವರೆಲ್ಲರೂ ಅದರಲ್ಲಿ ಪಾಲುದಾರರೆಂದು ಸೂತ್ರದ ಇಂಗಿತವನ್ನು ಹಿಗ್ಗಿಸಿ ಓದುವುದೇ ಹೆಚ್ಚು ನ್ಯಾಯವಾದೀತು.