ತಾರಾ ಗುಡ್ಡವನ್ನು ಅಗೆದವರು

ಐರ್ಲೆಂಡಿನ ಮೀತ್ ಕೌಂಟಿಯಲ್ಲಿ ತಾರಾ ಎಂಬ ಗುಡ್ಡವಿದೆ. ಪ್ರಾಚೀನ ಐರಿಷ್ ಅರಸರ ನೆಲೆ ಎಂದು ಅಲ್ಲಿಯವರು ಅದನ್ನು ಭಕ್ತಿಯಿಂದ ಕಾಣುತ್ತಾರೆ. 1899ರಲ್ಲಿ ಕೆಲವರು ಬಂದು ಆ ಗುಡ್ಡಕ್ಕೆ ಗುದ್ದಲಿ ಹಾಕಿದರು. ಅವರಿಗೆ ಬೇಕಾಗಿದ್ದದ್ದು ಮೋಶೆಯ ಹತ್ತು ಆಜ್ಞೆಗಳ ಶಿಲಾಫಲಕಗಳನ್ನು ಇಟ್ಟಿದ್ದ ಪವಿತ್ರ ಮಂಜೂಷ. ಯೆರೂಸಲೇಮಿನ ಮಂಜೂಷ ಐರ್ಲೆಂಡಿನ ಮಣ್ಣಿನೊಳಗೆ ಹೇಗೆ ಬಂದೀತು? ಇಂಗ್ಲಿಷರ ಪೂರ್ವಿಕರಾದ ಆಂಗ್ಲೋ-ಸ್ಯಾಕ್ಸನ್ನರು ಇಸ್ರೇಲಿನ ಕಳೆದುಹೋದ ಹತ್ತು ಕುಲಗಳ ವಂಶಸ್ಥರು, ಹಾಗಾಗಿ ಮಂಜೂಷವೂ ಈ ಕಡೆಗೇ ಬಂದಿರಬೇಕು ಎಂದು ಅಗೆದವರು ನಂಬಿದ್ದರು. ಜಾನ್ ವಿಲ್ಸನ್ ಎಂಬಾತ 1840ರಲ್ಲಿ ಪುಸ್ತಕ ಬರೆದು ಹರಡಿದ ವಂಶದ ವಾದ ಅದು. ಜಗತ್ತಿನ ಸುಮಾರು ಕಾಲುಭಾಗವನ್ನು ಆಳುತ್ತಿದ್ದವರಿಗೆ ತಾವು ದೇವರೇ ಆರಿಸಿದ ಜನ ಎಂಬ ಮಾತು ಎಷ್ಟು ಹಿತವಾಗಿ ಕೇಳಿಸಿರಬೇಡ!

ಕವಿ ಯೇಟ್ಸ್, ಲೇಖಕರಾದ ಡಗ್ಲಸ್ ಹೈಡ್, ಜಾರ್ಜ್ ಮೂರ್ ಮೂವರೂ 1902ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಪತ್ರ ಬರೆದು ಪ್ರತಿಭಟಿಸಿದರು. ಅಗೆತ ನಿಂತಿತು. ಮಂಜೂಷ ಸಿಗಲಿಲ್ಲ, ಆದರೆ ಸಾವಿರಾರು ವರ್ಷಗಳಿಂದ ಪದರಪದರವಾಗಿ ಕೂತಿದ್ದ ಮಣ್ಣು ಕಲಸಿಹೋಗಿತ್ತು. ಇಲ್ಲದ ಇತಿಹಾಸದ ಆಸೆಗೆ ಇದ್ದ ಇತಿಹಾಸವನ್ನೇ ಕೆಡಿಸಿದರಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ.

ಆಂಗ್ಲೋ-ಸ್ಯಾಕ್ಸನ್ನರ ನಿಜವಾದ ಮೂಲ ಬೇರೆಯೇ. ಆಂಗಲ್, ಸ್ಯಾಕ್ಸನ್, ಜ್ಯೂಟ್ ಜನ ಈಗಿನ ಜರ್ಮನಿ, ಡೆನ್ಮಾರ್ಕ್ ಕಡೆಯಿಂದ ಕಡಲು ದಾಟಿ ಬ್ರಿಟನ್ನಿಗೆ ಬಂದರೆಂದು ಸನ್ಯಾಸಿ ಬೀಡ್ 731ರಲ್ಲೇ ಬರೆದಿಟ್ಟಿದ್ದ. ಹಳೆಯ ಎಲುಬುಗಳ ಡಿಎನ್‌ಎ ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೂ ಆ ವಲಸೆಯನ್ನು ಒಪ್ಪಿತು. ಜೊತೆಗೆ, ಬಂದವರು ಅಲ್ಲಿದ್ದವರೊಡನೆ ಬೆರೆತರೆಂಬುದನ್ನೂ ತೋರಿಸಿತು. ಕೆಂಟ್ ಸೀಮೆಯ ಅಪ್‌ಡೌನ್ ಎಂಬಲ್ಲಿ ಏಳನೇ ಶತಮಾನದ ಒಬ್ಬ ಹುಡುಗಿಯ ಸಮಾಧಿ ಇದೆ. ಬಾಚಣಿಗೆ, ಚಾಕು, ಮಡಕೆ ಇಟ್ಟು, ಅಲ್ಲಿನ ಪದ್ಧತಿಯಂತೆಯೇ, ಬಂಧುಗಳಿರುವ ಮಸಣದಲ್ಲೇ ಅವಳನ್ನು ಹೂತಿದ್ದರು. ಅವಳ ಪೂರ್ವಿಕರಲ್ಲಿ ಒಬ್ಬರು ಪಶ್ಚಿಮ ಆಫ್ರಿಕಾದವರೆಂದು ಡಿಎನ್‌ಎ ಹೇಳುತ್ತದೆ. ಅವಳನ್ನು ಹೂತವರಿಗೆ ಅವಳು ಮನೆಮಗಳು, ಅಷ್ಟೇ.

ಈ ಬೆರಕೆಯನ್ನು ಒಪ್ಪಲಾರದ ಮನಸ್ಸು ಅಲ್ಲಿಗೇ ನಿಲ್ಲುವುದಿಲ್ಲ. ದೇವರು ಆರಿಸಿದ ಜನ ನಾವಾದರೆ ನಮ್ಮ ಕೈ ಏಕೆ ಕೆಳಗಾಗುತ್ತಿದೆ ಎಂಬ ಪ್ರಶ್ನೆ ಏಳುತ್ತದೆ. ತೆರೆಮರೆಯಲ್ಲಿ ಯಾರೋ ಪಿತೂರಿ ನಡೆಸಿದ್ದಾರೆ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮೊದಮೊದಲು ಯಹೂದಿಗಳನ್ನು ನೆಂಟರೆನ್ನುತ್ತಿದ್ದ ಇದೇ ವಾದ ಅಮೆರಿಕಕ್ಕೆ ಹೋಗಿ ‘ಕ್ರಿಶ್ಚಿಯನ್ ಐಡೆಂಟಿಟಿ’ ಎಂಬ ಪಂಥವಾದಾಗ ಅವರನ್ನೇ ಸೈತಾನನ ಸಂತಾನ ಎಂದಿತು. ವಂಶದ ಹೆಮ್ಮೆಯೂ ಗುಪ್ತ ಶತ್ರುವಿನ ಭಯವೂ ಒಂದೇ ಬೇರಿನವು ಎನ್ನಲು ನನಗೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಯಹೂದಿ ಹಿರಿಯರು ಗುಟ್ಟಾಗಿ ಸಭೆ ಸೇರಿ ಜಗತ್ತನ್ನು ಆಳಲು ಸಂಚು ಹೂಡಿದರೆಂದು ಹೇಳುವ ‘ಪ್ರೋಟೋಕಾಲ್ಸ್’ ಎಂಬ ಬರಹ 1903ರಲ್ಲಿ ರಷ್ಯಾದಲ್ಲಿ ಅಚ್ಚಾಯಿತು. ಅದರ ಗಣನೀಯ ಭಾಗ ಮೊರಿಸ್ ಜೋಲಿ 1864ರಲ್ಲಿ ಮೂರನೇ ನೆಪೋಲಿಯನ್ನನ ವಿರುದ್ಧ ಬರೆದ ಪುಸ್ತಕದಿಂದ ಕದ್ದದ್ದು. ಜೋಲಿಯ ಪುಸ್ತಕದಲ್ಲಿ ಯಹೂದಿಗಳ ಸಂಚಿನ ಮಾತೇ ಇಲ್ಲ. 1921ರಲ್ಲಿ ವರದಿಗಾರ ಫಿಲಿಪ್ ಗ್ರೇವ್ಸ್ ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿಸಿ ಈ ಕಳ್ಳತನವನ್ನು ಬಯಲಿಗೆಳೆದ. ಅಚ್ಚಾದದ್ದು ಅದೇ ಟೈಮ್ಸ್‌ನಲ್ಲಿ. ಆದರೂ ‘ಪ್ರೋಟೋಕಾಲ್ಸ್’ ಇಂದಿಗೂ ಕೈಯಿಂದ ಕೈಗೆ ದಾಟುತ್ತಿದೆ.

2018ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಶನಿವಾರದ ಪ್ರಾರ್ಥನೆಗೆ ಬಂದಿದ್ದ 11 ಯಹೂದಿಗಳನ್ನು ಗುಂಡಿಟ್ಟು ಕೊಂದವನು ನಂಬಿದ್ದದ್ದೂ ಇಂಥದೇ ಸಂಚಿನ ಕಥೆಯನ್ನು. ಸತ್ತವರಲ್ಲಿ 97 ವರ್ಷದ ಅಜ್ಜಿಯೂ ಒಬ್ಬರು. ಜಗತ್ತನ್ನು ಗುಟ್ಟಾಗಿ ಆಳುವ ಶಕ್ತಿ ಆ ಮುದಿಜೀವಕ್ಕೆ ಎಲ್ಲಿಂದ ಬರಬೇಕು?