ಬದುವಿನ ಹಳದಿ

ಬೀರೂರು ದಾಟಿ ಅಜ್ಜಂಪುರದ ದಾರಿ ಹಿಡಿದರೆ, ದೀಪಾವಳಿ ಹೊತ್ತಿಗೆ ಎರಡೂ ಕಡೆ ರಾಗಿ ತೆನೆ ಬಾಗಿರುತ್ತದೆ. ಅಷ್ಟಗಲ ಹೊಲವಿದ್ದರೂ ಜೇನಿಗೆ ಅಲ್ಲಿ ಊಟವಿಲ್ಲ. ರಾಗಿ ಹೂವಿನಲ್ಲಿ ಮಕರಂದವೇ ಇರುವುದಿಲ್ಲ. ಊಟ ಸಿಗುವುದು ಅಕ್ಕಡಿ ಸಾಲಿನ ಹುಚ್ಚೆಳ್ಳಿನ ಹಳದಿಯಲ್ಲಿ. ಬಿಸಿಲೇರುವಾಗ ಆ ಸಾಲಿನ ಪಕ್ಕ ಸುಮ್ಮನೆ ನಿಂತು ನೋಡಿ: ತುಡುವೆ, ಕೋಲುಜೇನು, ಹೆಜ್ಜೇನು ಎಲ್ಲವೂ ಬಂದು ಹೋಗುತ್ತವೆ. ಹುಚ್ಚೆಳ್ಳಿಗೂ ಅವು ಬೇಕು. ಒಂದು ಗಿಡದ ಪರಾಗ ಅದೇ ಗಿಡಕ್ಕೆ ಒಗ್ಗದು, ಇನ್ನೊಂದು ಗಿಡದಿಂದ ಯಾರಾದರೂ ಹೊತ್ತು ತರಬೇಕು. ನೊಣ ಬಾರದಿದ್ದರೆ ಹೂವೇನೋ ಅರಳುತ್ತದೆ, ಕಾಳು ಮಾತ್ರ ಜೊಳ್ಳು.

ಇದು ಬಿತ್ತಿದ ಹೂವು. ಬಿತ್ತದೆ ಬರುವ ತುಂಬೆಯನ್ನು ನಾವು ನೆನೆಯುವುದು ಶಿವಪೂಜೆಯ ದಿನ. ಉಳಿದ ದಿನ ಅದು ಕಳೆ. ಜೇನಿಗೆ ಮಾತ್ರ ಅದು ದಿನದ ಅನ್ನ. ರಸ್ತೆ ಬದಿಯ ತಂಗಡಿ ನೋಡಲು ಎಷ್ಟೇ ಚೆಂದವಿದ್ದರೂ ಅದರಲ್ಲಿ ಹನಿ ಮಕರಂದವಿಲ್ಲ. ಇರುವ ಪರಾಗವೂ ದೊಡ್ಡ ಕರಿದುಂಬಿ ಹೂವನ್ನು ಅಪ್ಪಿ ಗುಂಯ್‌ಗುಟ್ಟಿ ನಡುಗಿಸಿದರೇ ಉದುರುವುದು. ಹಳದಿಯೆಲ್ಲ ಹುಚ್ಚೆಳ್ಳಲ್ಲ!

ಬೇಸಗೆಯನ್ನು ಹೊಂಗೆ, ಬೇವು, ಹುಣಸೆ ನೋಡಿಕೊಳ್ಳುತ್ತವೆ. ತರೀಕೆರೆಯವರಿಗೆ ಲಕ್ಕವಳ್ಳಿ ಕಡೆಯ ಭದ್ರಾ ಕಾಡು ಹತ್ತಿರ. ಕಷ್ಟವೆಲ್ಲ ಕಡೂರು, ಅಜ್ಜಂಪುರದ ಬಯಲಿನದು. ಇಲ್ಲಿ ಕಾಡೆಂದರೆ ಬದು, ಕೆರೆಯಂಗಳ, ಅಮೃತಮಹಲ್ ಕಾವಲು. ಮೈಸೂರಿನ ಅರಸರು ಕಾವಲು ಬಿಟ್ಟದ್ದು ದನಗಳಿಗೆ. ಹುಲ್ಲಿನ ನಡುವೆ ಜೇನಿನ ಹೂವು ಉಳಿದದ್ದು ಪುಕ್ಕಟೆ ಲಾಭ.

ತೆಂಗು ವರ್ಷವಿಡೀ ಹೊಂಬಾಳೆ ಒಡೆಯುತ್ತದೆ, ಅದೊಂದು ಆಸರೆ ನಿಜ. ಆದರೆ ತೆಂಗಿನ ಬುಡಕ್ಕೂ ಅಡಿಕೆಯ ಬುಡಕ್ಕೂ ಈಗ ಕಳೆ ಔಷಧಿ. ಒಂದು ಎಲೆ ಇಲ್ಲದ ನೆಲ ಕಂಡರೆ 'ತೋಟ ಕ್ಲೀನಾಗಿದೆ' ಎಂದು ಹೊಗಳುತ್ತಾರೆ. ಮನೆ ಗುಡಿಸುವ ಭರದಲ್ಲಿ ಅಕ್ಕಿ ಡಬ್ಬಿಯನ್ನೂ ತಿಪ್ಪೆಗೆ ಸುರಿದ ಹಾಗೆ. ಅದೇ ತೋಟದ ಮೂಲೆಗೆ ಆಮೇಲೆ ಜೇನುಪೆಟ್ಟಿಗೆ ತಂದಿಟ್ಟರೆ ಏನು ಪ್ರಯೋಜನ? ಮೇವು ಸಿಗದ ತುಡುವೆ ಪೆಟ್ಟಿಗೆ ಖಾಲಿ ಮಾಡಿ ಹೊರಟುಬಿಡುತ್ತದೆ.

ಮುಂದಿನ ಸಲ ರಾಗಿಗೆ ಕೂರಿಗೆ ಹೂಡುವಾಗ ಸಡ್ಡೆಗೆ ಒಂದು ಹಿಡಿ ಹುಚ್ಚೆಳ್ಳು ಹಾಕಿ. ಬದುವಿಗಂತೂ ಔಷಧಿ ಬೇಡ. ಬೆಳೆಗೆ ಹೊಡೆಯಲೇಬೇಕೆಂದರೆ ಸಂಜೆ ಮೇಲೆ ಹೊಡೆಯಿರಿ, ಆಗ ಜೇನು ಗೂಡು ಸೇರಿರುತ್ತದೆ.